ಹಿಟ್ಟು ತಿಗಣೆ ತೋರಿಸಿದ ಬೀಗ



ಮಕ್ತಲ್, ಗದ್ವಾಲ ಕಡೆಯ ಹತ್ತಿ ಹೊಲದವರಿಗೆ, ಅಂಗಳದಲ್ಲಿ ದಾಸವಾಳ ಬೆಳೆಸಿರುವ ಅಕ್ಕಂದಿರಿಗೆ ಈ ಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕುಡಿಯ ಸಂದಿಯಲ್ಲಿ ಯಾರೋ ಜೋಳದ ಹಿಟ್ಟು ಉದುರಿಸಿ ಹೋದಂತೆ ಬೆಳ್ಳಗೆ ಅಂಟಿಕೊಂಡಿರುತ್ತದೆ. ಕನ್ನಡದಲ್ಲಿ ಹಿಟ್ಟು ತಿಗಣೆ, ತೆಲುಗಿನಲ್ಲಿ ಪಿಂಡಿ ನಲ್ಲಿ. ಹೆಸರು ಎರಡಾದರೂ ಗಿಡದ ರಸ ಹೀರುವುದರಲ್ಲಿ ಅದಕ್ಕೆ ಭಾಷೆಯ ಭೇದವಿಲ್ಲ. ಅದನ್ನು ಕಂಡೊಡನೆ ಔಷಧಿ ಡಬ್ಬಿ ಹುಡುಕುವವರು ನಾವು. ಆದರೆ ಪ್ರಾಣಿಗಳ ಜೀವಕೋಶದೊಳಗೆ ವಂಶವಾಹಿಗಳಿಗೆ ಬೀಗ ಹಾಕುವ ಏರ್ಪಾಡು ಇದೆ ಎಂಬುದನ್ನು ಮನುಷ್ಯ ಅರಿತುಕೊಂಡ ಚರಿತ್ರೆಯಲ್ಲಿ ಈ ಹುಳುವಿಗೆ ದೊಡ್ಡ ಪಾಲಿದೆ. ಆ ಚರಿತ್ರೆಯ ಒಂದು ಅಧ್ಯಾಯ ಬೆಂಗಳೂರಿನಲ್ಲಿ ನಡೆಯಿತು.

ಬೀಗ ಯಾಕೆ ಬೇಕು? ನಮ್ಮ ಕಣ್ಣಿನ ಜೀವಕೋಶದಲ್ಲೂ ಕರುಳಿನ ಜೀವಕೋಶದಲ್ಲೂ ಇರುವುದು ಒಂದೇ ವಂಶವಾಹಿಗಳ ಗಂಟು, ಸುಮಾರು 20,000. ಕರುಳಿಗೆ ಮಾತ್ರ ಬೇಕಾದವು ಕಣ್ಣಿನಲ್ಲಿ ಸುಮ್ಮನಿರಬೇಕು. ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆ ಇದೆ. ನಾರಾಯಣಪೇಟೆಯ ಮಗ್ಗದ ಮನೆಗಳಲ್ಲಿ ನೂಲನ್ನು ಕಂಡಿಕೆಗೆ ಸುತ್ತುವುದಿಲ್ಲವೇ, ಹಾಗೆಯೇ ಈ ಎಳೆ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಸಡಿಲವಿದ್ದಲ್ಲಿ ಕೋಶವು ವಂಶವಾಹಿಯನ್ನು ಓದಿಕೊಳ್ಳುತ್ತದೆ. ಬಿಗಿದಿದ್ದಲ್ಲಿ ಓದಲು ಆಗದು.

ಈಗ ಹುಳುವಿನ ಕಥೆ. ಹಿಟ್ಟು ತಿಗಣೆಯ ಒಂದು ಜಾತಿಯಲ್ಲಿ ವರ್ಣತಂತುಗಳು ಹತ್ತೇ ಹತ್ತು: ತಾಯಿಯಿಂದ 5, ತಂದೆಯಿಂದ 5. 1920ರ ದಶಕದಲ್ಲಿ ಅಮೆರಿಕದ ಫ್ರಾಂಜ್ ಶ್ರೇಡರ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಗಂಡು ಹುಳುವಿನ ಕೋಶಗಳಲ್ಲಿ ಅರ್ಧದಷ್ಟು ವರ್ಣತಂತುಗಳು ಮುದುಡಿ ಒಂದು ಕರಿ ಗಂಟಾಗಿದ್ದವು. ಹೆಣ್ಣಿನಲ್ಲಿ ಅಂಥ ಗಂಟಿಲ್ಲ. ಆ ಗಂಟು ಯಾರ ಪಾಲು, ತಂದೆಯದೋ ತಾಯಿಯದೋ?

1961ರಲ್ಲಿ ಸ್ಪೆನ್ಸರ್ ಬ್ರೌನ್ ಮತ್ತು ವಾಲ್ಟರ್ ನೆಲ್ಸನ್-ರೀಸ್ ಎಕ್ಸ್-ರೇಯಿಂದ ಇದನ್ನು ಬಿಡಿಸಿದರು. ಗಂಡು ಹುಳುಗಳ ಮೇಲೆ ಎಕ್ಸ್-ರೇ ಬಿಟ್ಟು ಅವುಗಳ ವರ್ಣತಂತುಗಳನ್ನು ಕೆಡಿಸಿದರು. ಆಮೇಲೆ ಹೆಣ್ಣಿನ ಜೊತೆ ಕೂಡಿಸಿದರು. ಹುಟ್ಟಬೇಕಾದ ಹೆಣ್ಣುಮಕ್ಕಳು ಸತ್ತವು, ಗಂಡುಮಕ್ಕಳು ಬದುಕಿದವು! ಅಂದರೆ ತಂದೆಯಿಂದ ಬಂದದ್ದು ಕೆಟ್ಟಿದ್ದರೂ ಮಗನಿಗೆ ಬಾಧೆಯಿಲ್ಲ, ಯಾಕೆಂದರೆ ಮಗ ಅದನ್ನು ಬಳಸುತ್ತಲೇ ಇಲ್ಲ. ಕರಿ ಗಂಟು ತಂದೆಯ ಪಾಲು. ಆಸ್ತಿ ಕೈಗೆ ಬಂದಿದೆ, ಆದರೆ ಬೀಗ ಹಾಕಿದ ಪೆಟ್ಟಿಗೆಯಾಗಿ ಬಂದಿದೆ. ಮೊಮ್ಮಕ್ಕಳಿಗಂತೂ ಆ ಪೆಟ್ಟಿಗೆಯೂ ದಾಟುವುದಿಲ್ಲ. ಆಸ್ತಿಗಾಗಿ ಕೋರ್ಟಿಗೆ ಅಲೆಯುವ ನಮ್ಮ ಜನ ಈ ಹುಳುವನ್ನು ಒಮ್ಮೆ ನೋಡಬೇಕು.

ಅದೇ 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಇಲಿಗಳನ್ನು ನೋಡಿ ಇನ್ನೊಂದು ಮಾತು ಹೇಳಿದರು. ಹೆಣ್ಣಿನ ಪ್ರತಿ ಕೋಶದಲ್ಲಿ ಎಕ್ಸ್ ಎಂಬ ವರ್ಣತಂತು ಎರಡಿವೆ. ಅವುಗಳಲ್ಲಿ ಒಂದಕ್ಕೆ ಬೀಗ ಬಿದ್ದಿರುತ್ತದೆ. ಕೆಲವು ಕೋಶಗಳಲ್ಲಿ ತಾಯಿಯದು ಮುಚ್ಚಿರುತ್ತದೆ, ಕೆಲವುಗಳಲ್ಲಿ ತಂದೆಯದು. ಮೈಮೇಲೆ ಕೆಂಪು-ಕಪ್ಪು ಮಚ್ಚೆಗಳಿರುವ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ ಆಗಿರುವುದು ಇದರಿಂದಲೇ. ಹುಳುವಿನ ಗಂಟನ್ನೂ ಈ ಎಕ್ಸ್ ಅನ್ನೂ ಜೊತೆಗಿಟ್ಟು ಯೋಚಿಸಿದವರಲ್ಲಿ ಮುಂಚೂಣಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಎಚ್. ಶರತ್ ಚಂದ್ರ. ಬ್ರೌನ್ ಅವರ ಜೊತೆಗೂಡಿ 1973ರಲ್ಲೂ 1975ರಲ್ಲೂ ಅವರು ಬರೆದ ಲೇಖನಗಳನ್ನು ಜಗತ್ತು ಗಮನಿಸಿತು. ಒಂದೇ ಥರದ ಎರಡು ವರ್ಣತಂತುಗಳಲ್ಲಿ ಒಂದು ತೆರೆದು ಇನ್ನೊಂದು ಮುಚ್ಚಿರಬೇಕಾದರೆ, ಅದರ ಮೇಲೆ ಮೊದಲೇ ಒಂದು ಮುದ್ರೆ ಬಿದ್ದಿರಬೇಕು ಎಂಬುದು ಅವರ ವಾದದ ತಿರುಳು. ಔಷಧಿ ಹೊಡೆದು ಕೊಲ್ಲುವ ಹುಳುವಿನಿಂದ ಇಷ್ಟು ತೆಗೆದರಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ.

ಸರಿ, ಈ ಬೀಗ ಹಾಕುವವರು ಯಾರು? ಒಂದೊಂದೇ ವಂಶವಾಹಿಯ ಮಟ್ಟಿಗೆ ಇದಕ್ಕೆ ಉತ್ತರ 1990ರ ದಶಕದಲ್ಲಿ ಸ್ಪಷ್ಟವಾಯಿತು. ಊರ ತಳವಾರನನ್ನು, ಅಂದರೆ ತಲಾರಿಯನ್ನು ನೆನೆಯಿರಿ. ಜಪ್ತಿಗೆ ಬಂದವರಿಗೆ ಮನೆ ತೋರಿಸುವವನು ಅವನು. ಬೀಗ ಜಡಿಯುವವರು ಬೇರೆ. ಕೋಶದಲ್ಲೂ ಡಿಎನ್‌ಎ ಮೇಲೆ ಸರಿಯಾದ ಜಾಗ ಗುರುತಿಸುವ ಪ್ರೋಟೀನು ಒಂದು. ಅದರ ಹೆಗಲು ಹಿಡಿದು ಬರುವ ಇನ್ನೊಂದಕ್ಕೆ ಸಹ-ನಿರೋಧಕ ಎಂದು ಹೆಸರು. ಅದು ತಾನಾಗಿ ಡಿಎನ್‌ಎಯ ಜಾಗ ಗುರುತಿಸುವುದಿಲ್ಲ. ಹಿಸ್ಟೋನಿನ ಮೇಲಿನ ಅಸಿಟೈಲ್ ಎಂಬ ಗುರುತುಗಳನ್ನು ಕಿತ್ತುಹಾಕುವ ಕೆಲಸಗಾರರನ್ನು ತನ್ನ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಗುರುತು ಹೋದೊಡನೆ ಕಂಡಿಕೆಯ ಸುತ್ತು ಬಿಗಿಯುತ್ತದೆ. 1995ರಲ್ಲಿ ಎನ್‌ಕಾರ್, ಸ್ಮಾರ್ಟ್ ಎಂಬ ಇಂಥ ಎರಡು ಸಿಕ್ಕವು. ಥೈರಾಯ್ಡ್ ಮಾತ್ರೆ ನುಂಗುವವರು ಈಗ ಯಾವ ಊರಲ್ಲಿಲ್ಲ? ಆ ಹಾರ್ಮೋನು ಇಲ್ಲದಿರುವಾಗ ಅದರ ಗ್ರಾಹಕ ಪ್ರೋಟೀನು ಎನ್‌ಕಾರ್ ಅನ್ನು ಹಿಡಿದು ಕೂತು ವಂಶವಾಹಿಯನ್ನು ಮುಚ್ಚಿರುತ್ತದೆ. ಹಾರ್ಮೋನು ಬಂದು ತಾಕಿದೊಡನೆ ಎನ್‌ಕಾರ್ ಕೈಬಿಡುತ್ತದೆ, ಬಾಗಿಲು ತೆರೆಯುತ್ತದೆ.

ಈ ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾಯಿಲೆಯೇ ಸಾಕ್ಷಿ. ಚೆನ್ನಾಗಿ ಆಡಿಕೊಂಡಿದ್ದ ಹೆಣ್ಣುಕೂಸು, ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ, ಕಲಿತ ಮಾತು ಮರೆಯುತ್ತದೆ. ಆಟಿಕೆ ಹಿಡಿಯುತ್ತಿದ್ದ ಕೈಗಳು ಬಟ್ಟೆ ಹಿಂಡುವಂತೆ ಒಂದನ್ನೊಂದು ಹೊಸೆಯತೊಡಗುತ್ತವೆ. 1966ರಲ್ಲಿ ಇದನ್ನು ಬಣ್ಣಿಸಿದವರು ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್. ಅವರದೇ ಹೆಸರು ಇದಕ್ಕೆ. 1999ರಲ್ಲಿ ಹುದಾ ಜೋಘ್ಬಿ ಅವರ ತಂಡ ಕಾರಣ ಹಿಡಿಯಿತು: ಎಕ್ಸ್ ಮೇಲಿರುವ ಎಂಇಸಿಪಿ2 ಎಂಬ ವಂಶವಾಹಿಯಲ್ಲಿ ದೋಷ. ಅದರ ಪ್ರೋಟೀನು ಮಿದುಳಿನಲ್ಲಿ ಡಿಎನ್‌ಎಗೂ ಎನ್‌ಕಾರ್‌ಗೂ ನಡುವೆ ಸೇತುವೆ. ಬಹಳಷ್ಟು ದೋಷಗಳು ಆ ಸೇತುವೆಯನ್ನೇ ಮುರಿಯುತ್ತವೆ ಎಂದು 2013ರಲ್ಲಿ ಎಡಿನ್‌ಬರೊದ ಏಡ್ರಿಯನ್ ಬರ್ಡ್ ಅವರ ತಂಡ ತೋರಿಸಿತು. ಎರಡು ಎಕ್ಸ್ ಇರುವ ಹೆಣ್ಣುಮಗುವಿನಲ್ಲಿ ಸುಮಾರು ಅರ್ಧ ಕೋಶಗಳು ನೆಟ್ಟಗಿರುವುದರಿಂದ ಅದು ಬದುಕುತ್ತದೆ. ಒಂದೇ ಎಕ್ಸ್ ಇರುವ ಗಂಡುಮಗುವಿನ ಪಾಡು ಸಾಮಾನ್ಯವಾಗಿ ಇನ್ನೂ ಕಠಿಣ.

ಅದೇ ಬರ್ಡ್ ಅವರ ತಂಡ 2007ರಲ್ಲಿ, ಕಾಯಿಲೆ ಬಲಿತಿದ್ದ ಇಲಿಗಳಲ್ಲಿ ಆ ವಂಶವಾಹಿಯನ್ನು ಮತ್ತೆ ಚಾಲೂ ಮಾಡಿತು. ನಡುಗುತ್ತಿದ್ದ ಇಲಿಗಳು ಚೇತರಿಸಿಕೊಂಡವು. ಮನುಷ್ಯರಲ್ಲಿ ವಂಶವಾಹಿ ಚಿಕಿತ್ಸೆಯ ಪರೀಕ್ಷೆ 2023ರಲ್ಲಿ ಶುರುವಾಯಿತು.

ಇನ್ನೊಂದು ಮಾತು, ವಿಶೇಷವಾಗಿ ಅತ್ತೆಯಂದಿರು ಕೇಳಿರಿ. ಕೂಸಿಗೆ ಹೀಗಾದರೆ ಸೊಸೆಯ ಬಸುರಿನ ದಿನಗಳನ್ನು, ಅವಳ ತವರನ್ನು ಕೆದಕುವ ರೂಢಿ ನಮ್ಮಲ್ಲಿದೆ. ಈ ದೋಷ ಬಹುಮಟ್ಟಿಗೆ ಮನೆತನದಿಂದ ಬಂದದ್ದಲ್ಲ, ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ಅದೂ ಹೆಚ್ಚಾಗಿ ತಂದೆಯ ವೀರ್ಯಾಣುವಿನಲ್ಲಿ. ಯಾರೂ ಬೇಕೆಂದು ಮಾಡಿದ್ದಲ್ಲ. ಕಲಿತ ಮಾತನ್ನು ಮಗು ಬಿಡತೊಡಗಿದರೆ ಮಕ್ಕಳ ವೈದ್ಯರಿಗೆ ತೋರಿಸಿ; ರಕ್ತ ಪರೀಕ್ಷೆಯಿಂದ ಈ ವಂಶವಾಹಿಯನ್ನು ನೋಡಬಹುದು.