ಹೊಸ್ತಿಲು ದಾಟುವ ರೊಟ್ಟಿ: ಶಿರೋಳದ ನಿತ್ಯದ ಊಟ ಮತ್ತು ಸಮಾಜ ಚರಿತ್ರೆ

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಶಿರೋಳದಲ್ಲಿ ತೋಂಟದಾರ್ಯ ಮಠದ ಜಾತ್ರೆಗೆ ಜನ ಇಟ್ಟ ಹೆಸರು ರೊಟ್ಟಿ ಜಾತ್ರೆ. ಮನೆಗಳಲ್ಲಿ ಬಡಿದ ಜೋಳದ ರೊಟ್ಟಿ ಮಠಕ್ಕೆ ಬರುತ್ತದೆ. ಅದನ್ನು ಕರಿಂಡಿ, ಪಲ್ಯಗಳೊಡನೆ ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಇದೇ ಪರಂಪರೆಯ ಡಂಬಳದ ಮಠದ ಜಾತ್ರೆಯೂ ರೊಟ್ಟಿ ಜಾತ್ರೆಯೆಂದೇ ಹೆಸರಾಗಿದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗೋಧಿ ಹುಗ್ಗಿ, ಮಾದಲಿಯಂಥ ಸಿಹಿ ಅಡುಗೆಗೆ ಪ್ರಾಶಸ್ತ್ಯ. ಶಿರೋಳದಲ್ಲಿ ದಿನದ ರೊಟ್ಟಿಯೇ ಪ್ರಸಾದವಾಗಿರುವುದು ವಿಚಾರಿಸತಕ್ಕ ಸಂಗತಿ. ಒಂದು ಸಮಾಜವನ್ನು ಅರಿಯಲು ಅದು ಏನು ಉಣ್ಣುತ್ತದೆ ಎಂದು ಕೇಳಿದರೆ ಸಾಲದು. ಆ ಊಟ ಯಾರ ಕೈಯಿಂದ ಹೊರಟು ಯಾರ ಹೊಸ್ತಿಲವರೆಗೆ ಹೋಗುತ್ತದೆ ಎಂದೂ ಕೇಳಬೇಕು. ಇದು ಈ ಲೇಖನದ ವಾದ.

ತಾಟಿನೊಳಗಿನ ಕಾಲಮಾನ

ಜೋಳದ ರೊಟ್ಟಿಯನ್ನು ಈ ನೆಲದ ಅನಾದಿ ಆಹಾರವೆಂದು ಭಾವಿಸುವುದುಂಟು. ಪುರಾತತ್ತ್ವದ ಸಾಕ್ಷ್ಯ ಬೇರೆ ಹೇಳುತ್ತದೆ. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಯಂಥ ನವಶಿಲಾಯುಗದ ನೆಲೆಗಳಲ್ಲಿ ಮುಖ್ಯವಾಗಿ ಸಿಕ್ಕಿರುವುದು ಕೊರಲೆಯಂಥ ಕಿರುಧಾನ್ಯ, ಹುರುಳಿ ಮತ್ತು ಹೆಸರು. ಜೋಳ ಆಫ್ರಿಕದಲ್ಲಿ ಪಳಗಿ ಆಮೇಲೆ ಇಲ್ಲಿಗೆ ಬಂದ ಬೆಳೆ. ರೊಟ್ಟಿಯ ಪಕ್ಕದ ಮೆಣಸಿನಕಾಯಿ, ಶೇಂಗಾ ಹಿಂಡಿಯ ಶೇಂಗಾ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದ ನಂತರವೇ ನಮ್ಮ ಅಡುಗೆಮನೆ ಸೇರಿದವು. ಅಗಸಿ, ಹಸಿಮೆಣಸಿನಕಾಯಿ ಸೇರಿಸಿ ಗಡಿಗೆಯಲ್ಲಿ ಹುಳಿ ಬರಿಸುವ ಕರಿಂಡಿಯಲ್ಲಿ ಹಳೆಯ ಲೋಕದ ಎಣ್ಣೆಕಾಳು, ಹೊಸ ಲೋಕದ ಖಾರ ಎರಡೂ ಕೂಡಿವೆ. ಯಾವ ಊಟವನ್ನೂ ಒಂದು ಕುಲದ ಶುದ್ಧ ಸೊತ್ತೆಂದು ಸಾರಲು ಈ ತಾಟು ಅವಕಾಶ ಕೊಡುವುದಿಲ್ಲ.

ಋಣ, ಹಗೇವು, ಬರ

ಅನ್ನ ಕೊಟ್ಟವನು ಆಳನ್ನು ಹಿಡಿದಿಡುತ್ತಾನೆ. 10ನೆಯ ಶತಮಾನದ ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಕರ್ಣನ ನಿಷ್ಠೆಯ ಹಿಂದೆ ಇರುವುದು ಜೋಳದ ಪಾಳಿ, ಅಂದರೆ ಉಂಡ ಜೋಳದ ಋಣ. ಒಡೆಯನಿಗಾಗಿ ಪ್ರಾಣ ಕೊಡುವ ಜೋಳವಾಳಿಯ ಆದರ್ಶ ಆ ಕಾಲದ ಯುದ್ಧವ್ಯವಸ್ಥೆಯ ಭಾಗವಾಗಿತ್ತು. ಅದೇ ಋಣ ಹಳ್ಳಿಯಲ್ಲಿ ಆಯದ ರೂಪ ತಾಳಿತು. ವರ್ಷವಿಡೀ ದುಡಿದ ಬಡಿಗ, ಕಮ್ಮಾರ, ಕುಂಬಾರ, ಮಾದಿಗರಿಗೆ ಸುಗ್ಗಿಯ ಕಣದಲ್ಲಿ ಕಾಳು ಸಿಗುತ್ತಿತ್ತು. ಎಷ್ಟು, ಯಾರ ನಂತರ ಎಂಬುದನ್ನು ಜಾತಿಯ ಮೇಲು ಕೀಳು ನಿಶ್ಚಯಿಸುತ್ತಿತ್ತು.

ನರಗುಂದ ಸೀಮೆಯ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ನೆಲದಲ್ಲಿ ಉಳಿದ ಹಸಿಯನ್ನೇ ನಂಬಿ ಬೆಳೆಯುತ್ತದೆ. ಬಂದ ಕಾಳು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಇಳಿಯುತ್ತಿತ್ತು. ಹಗೇವು ಇದ್ದವನು ಬರವನ್ನು ದಾಟಿದ, ಇಲ್ಲದವನು ಸಾಲಕ್ಕೆ ಬಿದ್ದ. 1876ರಿಂದ 78ರ ಬರದಲ್ಲಿ ಧಾರವಾಡ, ಕಲಾದಗಿ ಜಿಲ್ಲೆಗಳು ತತ್ತರಿಸಿದಾಗ ಮಳೆ ಎಲ್ಲರಿಗೂ ಒಂದೇ ರೀತಿ ತಪ್ಪಿತ್ತು. ಹಸಿವು ಮಾತ್ರ ಒಂದೇ ರೀತಿ ಹಂಚಿಕೆಯಾಗಲಿಲ್ಲ.

ಬಡಿಯುವ ಕೈ

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಬಿದ್ದಾಗ ಅದರ ಪಿಷ್ಟ ಅಂಟಾಗಿ ಹಿಟ್ಟು ಕೂಡಿಕೊಳ್ಳುತ್ತದೆ. ಬಿಸಿ ಆರುವ ಮುನ್ನ ಅಂಗೈಯ ಬುಡದಿಂದ ಒತ್ತಿ ನಾದಬೇಕು. ನಾದುವುದು ಕಡಿಮೆಯಾದರೆ ಬಡಿಯುವಾಗ ಅಂಚು ಸೀಳುತ್ತದೆ. ಒಣಹಿಟ್ಟು ಉದುರಿಸಿ, ಉಂಡೆಯನ್ನು ತಿರುಗಿಸುತ್ತ ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ ಮಗುಚುತ್ತಾರೆ. ಉಬ್ಬಿದ ರೊಟ್ಟಿಯನ್ನು ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದರೆ ಖಡಕ್ ರೊಟ್ಟಿ. ವಾರಗಟ್ಟಲೆ ಕೆಡದ ಈ ರೊಟ್ಟಿಯೇ ಬುತ್ತಿಗೆ, ದೂರದ ಹೊಲಕ್ಕೆ, ಜಾತ್ರೆಗೆ ಒದಗುತ್ತದೆ.

ಈ ಕೌಶಲದ ದಾಖಲೆ ದಫ್ತರಗಳಲ್ಲಿಲ್ಲ, ಹಾಡಿನಲ್ಲಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣಿನ ತವರು, ದುಃಖ, ದೈವಗಳನ್ನು ಉಳಿಸಿಕೊಟ್ಟಿತು. ಗಿರಣಿ ಬಂದ ಮೇಲೆ ಬೀಸುವ ದಣಿವು ತಪ್ಪಿತು, ಜೊತೆಗೇ ಬೀಸುವ ಪದವೂ ನಿಂತಿತು. ಬಡಿಯುವ ಕೆಲಸ ಮಾತ್ರ ಹೆಣ್ಣಿನ ಕೈಯಲ್ಲೇ ಉಳಿಯಿತು. ಈಗ ಸ್ವಸಹಾಯ ಸಂಘಗಳ ಮಹಿಳೆಯರು ಖಡಕ್ ರೊಟ್ಟಿ ಮಾರುತ್ತಿದ್ದಾರೆ. ಸಂಬಳವಿಲ್ಲದ ಈ ದುಡಿಮೆಗೆ ಪೇಟೆ ಬೆಲೆ ಕಟ್ಟಿದೆ.

ಕಾಲುವೆ ಮತ್ತು ಪಡಿತರ

1970ರ ದಶಕದಲ್ಲಿ ನವಿಲುತೀರ್ಥ ಅಣೆಕಟ್ಟಿನ ಮಲಪ್ರಭೆ ನೀರು ಈ ಸೀಮೆಗೆ ಹರಿಯಿತು. 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ ರೈತನನ್ನು ಪೇಟೆಯ ದರಕ್ಕೆ ಕಟ್ಟಿಹಾಕಿತು. ನೀರಾವರಿ ಜಮೀನಿನ ಮೇಲೆ ಹಾಕಿದ ಅಭಿವೃದ್ಧಿ ಕರದ ಹೊರೆ, ಕುಸಿದ ಹತ್ತಿ ದರ ಎರಡೂ ಸೇರಿ 1980ರ ನರಗುಂದ, ನವಲಗುಂದ ಬಂಡಾಯಕ್ಕೆ ಕಾರಣವಾದವು. ಜುಲೈ 21ರ ಗೋಲಿಬಾರಿನಲ್ಲಿ ಪ್ರಾಣ ತೆತ್ತ ರೈತರ ನೆನಪು ಇಲ್ಲಿ ಇನ್ನೂ ಹಸಿಯಾಗಿದೆ. ಉಣ್ಣುವ ಬೆಳೆಯಿಂದ ಮಾರುವ ಬೆಳೆಗೆ ಹೊಲ ಹೊರಳಿದ್ದೂ ಆ ಹೋರಾಟದ ಹಿನ್ನೆಲೆಯಲ್ಲಿದೆ. 2013ರ ಅನ್ನಭಾಗ್ಯ ಪಡಿತರ ಯೋಜನೆ ಬಡವರ ಹಸಿವನ್ನು ನೀಗಿಸಿತು, ರೊಟ್ಟಿಯ ತಾಟಿಗೆ ಅಕ್ಕಿಯನ್ನೂ ತಂದಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರುವ ಹೊತ್ತಿಗೆ ಕೂಲಿಕಾರರ ಜೋಳ ನಗರದ ಆರೋಗ್ಯದ ಅಂಗಡಿಗೂ ಏರಿತ್ತು.

ಮೂರು ಹೊಸ್ತಿಲು

ನಾಗರ ಪಂಚಮಿಗೆ ಮುನ್ನ ಬರುವ ರೊಟ್ಟಿ ಹಬ್ಬದಲ್ಲಿ ರೊಟ್ಟಿ, ಪಲ್ಯ, ಹಿಂಡಿಗಳನ್ನು ಬಂಧುಗಳಿಗೂ ನೆರೆಯವರಿಗೂ ಬೀರುತ್ತಾರೆ. ಇದು ಮೊದಲ ಹೊಸ್ತಿಲು. ಮಮತೆಯ ಈ ವಿನಿಮಯಕ್ಕೂ ಕೇರಿಯ ಗಡಿಯುಂಟು: ದಲಿತ ಕೇರಿಗೆ ರೊಟ್ಟಿ ಕೊಟ್ಟವರು ಅಲ್ಲಿಂದ ರೊಟ್ಟಿ ಪಡೆಯುತ್ತಿರಲಿಲ್ಲ. ಎರಡನೆಯದು ಪೇಟೆಯ ಖಾನಾವಳಿ. ಅಲ್ಲಿ ರೊಟ್ಟಿ ದುಡ್ಡಿಗೆ ಸಿಕ್ಕಿತು, ಆದರೂ ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ ಎಂಬ ಫಲಕಗಳಲ್ಲಿ ಜಾತಿ ಉಳಿಯಿತು. ಮೂರನೆಯದು ಮಠದ ಅಂಗಳ. ಹಲವು ಮನೆಗಳ ರೊಟ್ಟಿ ಅಲ್ಲಿ ಒಂದೇ ರಾಶಿಯಾಗುತ್ತದೆ. ತಾಟಿಗೆ ಬಿದ್ದ ರೊಟ್ಟಿ ಯಾವ ಮನೆಯದೆಂದು ಯಾರೂ ಕೇಳಲಾರರು. 12ನೆಯ ಶತಮಾನದ ಶರಣರ ದಾಸೋಹದ ತತ್ತ್ವ ಇಲ್ಲಿ ಉಪದೇಶವಾಗಿ ಅಲ್ಲ, ಊಟವಾಗಿ ನಡೆಯುತ್ತದೆ. ಹೋಳಿಗೆ ಕೂಡಿ ಉಂಡರೆ ಅದು ಒಂದು ದಿನದ ಔದಾರ್ಯ. ದಿನದ ರೊಟ್ಟಿಯನ್ನು ಕೂಡಿ ಉಂಡವರು ದಿನದ ಬದುಕಿನಲ್ಲೂ ಸಮಾನತೆ ಕೇಳುವ ಹಕ್ಕನ್ನು ಪಡೆಯುತ್ತಾರೆ.

ಮಠದ ಪಂಕ್ತಿಯ ಸಮಾನತೆ ಮನೆಯ ಪಡಸಾಲೆಗೂ ಬಂದಾಗಲೇ ರೊಟ್ಟಿ ಜಾತ್ರೆ ಪೂರ್ಣವಾಗುತ್ತದೆ ಎಂಬುದು ಈ ಅಧ್ಯಯನದ ನಿಲುವು. ಅದನ್ನು ಅಳೆಯಲು ಶಾಸನ, ಗ್ಯಾಸೆಟಿಯರುಗಳಷ್ಟೇ ಸಾಲವು. ಮಠಗಳ ದಾಸೋಹದ ಲೆಕ್ಕಪತ್ರ, ಆಯ ಪಡೆದ ಮನೆತನಗಳ ನೆನಪು, ದಲಿತ ಕೇರಿಯ ಹಿರಿಯರ ಮಾತು, ರೊಟ್ಟಿ ಬಡಿದ ಹೆಣ್ಣುಮಕ್ಕಳ ಅನುಭವ ಇವೆಲ್ಲ ದಾಖಲಾಗಬೇಕು. ಗಿರಣಿಗೆ ಮುಂಚಿನ ಅಡುಗೆಮನೆಯನ್ನು ಕಂಡವರು ಇಂದು ಮುಪ್ಪಿನಲ್ಲಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಜಾನಪದ ವಿಭಾಗಗಳು ಈ ಕೆಲಸವನ್ನು ಕೂಡಲೇ ಕೈಗೆತ್ತಿಕೊಳ್ಳಬೇಕು.