ಟ್ರೇಲರ್ ದೀಪ ಕೈಕೊಟ್ಟರೆ ಮೊದಲು ಅರ್ಥಿಂಗ್ ಪರೀಕ್ಷಿಸಿ

ಅಮೆರಿಕದಲ್ಲಿ ಹಳೆಯ ಎಸ್‌ಯುವಿಗಳು ದೋಣಿ ಅಥವಾ ಮನೆಸಾಮಾನು ಹೇರಿದ ಟ್ರೇಲರ್ ಎಳೆದೊಯ್ಯುವುದು ಸಾಮಾನ್ಯ ದೃಶ್ಯ. ಟ್ರೇಲರ್ ಜೋಡಿಸಿದಾಗ ವಾಹನದ ಸ್ವಂತ ಹಿಂಬದಿ ದೀಪಗಳು ಅನೇಕ ಬಾರಿ ಅದರ ಮರೆಗೆ ಸರಿಯುತ್ತವೆ. ಚಾಲಕ ಬ್ರೇಕ್ ಹಾಕಿದ್ದು, ತಿರುವು ತೆಗೆದುಕೊಳ್ಳಲಿರುವುದು ಹಿಂದೆ ಬರುವವರಿಗೆ ಟ್ರೇಲರ್‌ನ ದೀಪಗಳಿಂದಲೇ ತಿಳಿಯಬೇಕು. ಅವು ಉರಿಯದಿದ್ದರೆ ಅಪಘಾತಕ್ಕೆ ಆಹ್ವಾನವಿತ್ತಂತೆ. ಆದರೆ ಇಂತಹ ದೋಷಗಳಲ್ಲಿ ಹೆಚ್ಚಿನವು ಸರಳವಾದವು. ಕ್ರಮವರಿತು ಹುಡುಕಿದರೆ ಮನೆಯಂಗಳದಲ್ಲೇ ಸರಿಪಡಿಸಬಹುದು.

ನಾಲ್ಕು ತಂತಿಗಳ ವ್ಯವಸ್ಥೆ

ಸಣ್ಣ ಟ್ರೇಲರ್‌ಗಳಿಗೆ ಅಲ್ಲಿ ನಾಲ್ಕು ಪಿನ್ನುಗಳ ಚಪ್ಪಟೆ ಪ್ಲಗ್ ಬಳಕೆಯಲ್ಲಿದೆ. ಬಿಳಿ ತಂತಿ ಅರ್ಥಿಂಗ್‌ಗೆ, ಕಂದು ತಂತಿ ಹಿಂಬದಿ ದೀಪಕ್ಕೆ ಮೀಸಲು. ಹಳದಿ ತಂತಿ ಎಡಬದಿಯ, ಹಸಿರು ತಂತಿ ಬಲಬದಿಯ ಬ್ರೇಕ್ ದೀಪ ಹಾಗೂ ಇಂಡಿಕೇಟರ್ ಎರಡನ್ನೂ ಬೆಳಗಿಸುತ್ತದೆ. ಎಸ್‌ಯುವಿಯಲ್ಲಿ ಇಂಡಿಕೇಟರ್ ಪ್ರತ್ಯೇಕವಾಗಿದ್ದರೆ, ಎರಡು ಸಂಕೇತಗಳನ್ನು ಒಂದುಗೂಡಿಸುವ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಅಳವಡಿಸಿರುತ್ತಾರೆ. ಹಲವು ಕೈ ಬದಲಾದ ವಾಹನದಲ್ಲಿ ಬಣ್ಣಗಳ ಈ ಕ್ರಮ ತಪ್ಪಿರಲೂಬಹುದು.

ದೋಷ ಯಾವ ಕಡೆ?

ಮೊದಲು ಪ್ಲಗ್ ಬೇರ್ಪಡಿಸಬೇಕು. ವಾಹನದ ಸ್ವಂತ ದೀಪಗಳು ಉರಿಯುತ್ತಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ನಂತರ 12 ವೋಲ್ಟ್‌ನ ಟೆಸ್ಟ್ ಲ್ಯಾಂಪ್‌ನ ಕ್ಲಿಪ್ಪನ್ನು ವಾಹನದ ಬಣ್ಣವಿಲ್ಲದ ಶುದ್ಧ ಲೋಹಕ್ಕೆ ಸಿಕ್ಕಿಸಿ, ವಾಹನದ ಕಡೆಯ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿಸಬೇಕು. ಮನೆಯಲ್ಲಿ ಬಳಸುವ ನಿಯಾನ್ ಟೆಸ್ಟರ್ ಇಷ್ಟು ಕಡಿಮೆ ವೋಲ್ಟೇಜಿಗೆ ಬೆಳಗದು. ಇನ್ನೊಬ್ಬರು ಒಳಗೆ ಕುಳಿತು ದೀಪ, ಬ್ರೇಕ್, ಇಂಡಿಕೇಟರ್‌ಗಳನ್ನು ಸರದಿಯಂತೆ ಹಾಕುತ್ತಿರಬೇಕು.

* ಯಾವ ಪಿನ್ನಿನಲ್ಲೂ ವಿದ್ಯುತ್ ಇಲ್ಲದಿದ್ದರೆ ಟ್ರೇಲರ್‌ಗೆಂದೇ ಇರುವ ಫ್ಯೂಸ್ ಅಥವಾ ಕನ್ವರ್ಟರ್ ಸುಟ್ಟಿರಬಹುದು.
* ಕ್ಲಿಪ್ಪನ್ನು ಲೋಹದಿಂದ ಬಿಳಿ ತಂತಿಯ ಪಿನ್ನಿಗೆ ಬದಲಿಸಿದಾಗ ಮಾತ್ರ ಟೆಸ್ಟ್ ಲ್ಯಾಂಪ್ ಆರಿದರೆ, ವಾಹನದ ಅರ್ಥಿಂಗ್ ಕೆಟ್ಟಿದೆ.
* ಎರಡೂ ಬಾರಿ ಸರಿಯಾಗಿ ಬೆಳಗಿದರೆ ದೋಷ ಬಹುಮಟ್ಟಿಗೆ ಟ್ರೇಲರ್‌ನಲ್ಲಿದೆ.

ಲಕ್ಷಣಗಳೇ ಹೇಳುತ್ತವೆ

ಒಂದೇ ದೀಪ ಉರಿಯದಿದ್ದರೆ ಬಲ್ಬ್, ಅದರ ಹೋಲ್ಡರ್ ಅಥವಾ ಆ ಬದಿಯ ತಂತಿಯನ್ನು ನೋಡಬೇಕು. ಬ್ರೇಕ್ ಒತ್ತಿದೊಡನೆ ಉಳಿದ ದೀಪಗಳು ಮಂಕಾದರೆ, ಇಂಡಿಕೇಟರ್ ಹಾಕಿದಾಗ ಎರಡೂ ಬದಿ ಮಿನುಗಿದರೆ ಅರ್ಥಿಂಗ್ ದೋಷವೆಂದೇ ಶಂಕಿಸಬೇಕು. ಮರಳುವ ದಾರಿ ಕಾಣದ ವಿದ್ಯುತ್ತು ಬೇರೆ ಬಲ್ಬ್‌ಗಳ ಮೂಲಕ ಹಾದುಹೋಗಲು ಯತ್ನಿಸುವುದೇ ಇದಕ್ಕೆ ಕಾರಣ. ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ ಎಲ್ಲೋ ತಂತಿಯ ಹೊದಿಕೆ ಸವೆದು ಚಾಸಿಗೆ ತಾಗುತ್ತಿದೆ. ಆಗ ಹೆಚ್ಚು ಆಂಪಿಯರ್‌ನ ಫ್ಯೂಸ್ ಹಾಕಿದರೆ ತಂತಿಗೇ ಬೆಂಕಿ ಹತ್ತೀತು.

ದುರಸ್ತಿ

ಬಿಳಿ ತಂತಿಯನ್ನು ಚಾಸಿಗೆ ಬಿಗಿದ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಉಜ್ಜಿ ತೆಗೆದು, ಲೋಹ ಹೊಳೆಯುವಂತಾದ ಮೇಲೆ ಮತ್ತೆ ಬಿಗಿಯಬೇಕು. ಕೊಂಡಿಯ ಗುಂಡಿನ ಮೂಲಕ ಅರ್ಥಿಂಗ್ ಸಿಗುತ್ತದೆಂದು ನೆಚ್ಚಿಕೊಳ್ಳಬಾರದು. ಗ್ರೀಸ್ ಹಾಗೂ ತುಕ್ಕು ಅದಕ್ಕೆ ಅಡ್ಡಿ. ಪಿನ್ನುಗಳಿಗೆ ಹಿಡಿದ ಹಸಿರು ಕಿಲುಬನ್ನೂ ತೆಗೆಯಬೇಕು. ದೋಣಿಯ ಟ್ರೇಲರ್ ನೀರಿಗಿಳಿಸುವ ಮುನ್ನ ಪ್ಲಗ್ ಕಳಚುವುದು ಒಳಿತು. ಬಿಸಿ ಬಲ್ಬ್ ತಣ್ಣೀರು ತಾಗಿ ಒಡೆಯಬಹುದು.

ಕರ್ನಾಟಕದಲ್ಲಿ ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಸಂಚರಿಸುವ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೂ ಈ ಮಾತು ಸಲ್ಲುತ್ತದೆ. ಪ್ಲಗ್ ಮತ್ತು ತಂತಿಗಳ ಬಣ್ಣ ಬೇರೆಯಿರಬಹುದು, ಹುಡುಕುವ ಕ್ರಮ ಒಂದೇ. ಹೊರಡುವ ಮುನ್ನ ಒಬ್ಬರು ಹಿಂದೆ ನಿಂತು ಪ್ರತಿ ದೀಪವನ್ನೂ ನೋಡಲು ಎರಡು ನಿಮಿಷ ಸಾಕು.