ಸಭೆ ಹುಡುಕಿದ ಹೆಂಗಸರು

ಕುಡಿತ ಬಿಡಲು ನೆರವಾಗುವ ಸಭೆ ಎಲ್ಲಿ ನಡೆಯುತ್ತದೆ ಎಂದು ಮುಂಬಯಿಯಲ್ಲಿ ನನ್ನನ್ನು ಕೇಳಿದವರೆಲ್ಲ ಹೆಂಗಸರೇ. ಗಂಡನಿಗೆ, ಇಲ್ಲವೇ ಮಗನಿಗೆ. ಈ ಸಭೆಗಳ ಚರಿತ್ರೆಯಲ್ಲೂ ಹೆಂಗಸರ ಕೈ ದೊಡ್ಡದು.

1935ರ ಮೇ ತಿಂಗಳು. ಅಮೆರಿಕದ ಆ್ಯಕ್ರನ್ ನಗರಕ್ಕೆ ಬಂದಿದ್ದ ಬಿಲ್ ವಿಲ್ಸನ್ ವ್ಯವಹಾರ ಕೈಕೊಟ್ಟು ಹೋಟೆಲಿನಲ್ಲಿ ಒಂಟಿಯಾಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಹತ್ತಿರದಲ್ಲೇ ಬಾರ್. ಇನ್ನೊಬ್ಬ ಕುಡುಕನೊಡನೆ ಮಾತಾಡಿದರಷ್ಟೇ ತಾನು ಉಳಿದೇನು ಎಂದುಕೊಂಡು, ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿದರು. ಅದು ಕೊನೆಗೆ ತಲುಪಿದ್ದು ಹೆನ್ರಿಯೆಟ್ಟಾ ಸೈಬರ್ಲಿಂಗ್ ಅವರನ್ನು. ನಾವಾಗಿದ್ದರೆ ಫೋನ್ ಇಟ್ಟೇಬಿಡುತ್ತಿದ್ದೆವೇನೋ! ಆಕೆ ಮನೆಗೇ ಕರೆದರು. ಪರಿಚಯದ ಡಾ. ಬಾಬ್ ಸ್ಮಿತ್ ಅವರನ್ನು ಪತ್ನಿ ಆ್ಯನ್ ಕರೆತಂದರು. 15 ನಿಮಿಷವಷ್ಟೇ ಎಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಅವರು ಕುಡಿತ ಬಿಟ್ಟ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹುಟ್ಟುದಿನ ಎನ್ನುತ್ತಾರೆ.

ನನಗೆ ಹೆಚ್ಚು ಹತ್ತಿರವಾದವರು ಬಿಲ್ ಅವರ ಪತ್ನಿ ಲೋಯಿಸ್. ಗಂಡ ಕುಡಿತ ಬಿಟ್ಟರೂ ಇವರ ಸಿಟ್ಟು ಇಳಿದಿರಲಿಲ್ಲ. ಸಭೆಗೆ ಹೊತ್ತಾಯಿತು, ಬೇಗ ಹೊರಡು ಎಂದಾಗ ಅವರತ್ತ ಷೂ ಎಸೆದದ್ದೂ ಉಂಟು. ಬದಲಾಗಬೇಕಾದದ್ದು ತನ್ನೊಳಗೂ ಇದೆ ಎಂದು ಆಗ ಅರಿವಾಯಿತಂತೆ. 1951ರಲ್ಲಿ ಗೆಳತಿಯೊಬ್ಬರ ಜೊತೆ ಸೇರಿ, ಕುಡಿಯುವವರ ಮನೆಮಂದಿಗಾಗಿ ನಡೆಯುತ್ತಿದ್ದ ಗುಂಪುಗಳನ್ನು ಒಂದುಗೂಡಿಸಿದರು. ಅದೇ ಅಲ್-ಅನಾನ್.

ಮುಂಬಯಿಯಲ್ಲಿ ಎರಡು ಬಗೆಯ ಸಭೆಗಳೂ ಇವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ‘ಓಪನ್’ ಎಂದಿರುವ ಎಎ ಸಭೆಗೆ ಮನೆಯವರೂ ಹೋಗಬಹುದು. ಅಲ್-ಅನಾನ್‌ಗೆ ಹೋಗಲು ಅವರು ಕುಡಿತ ಬಿಡುವ ತನಕ ಕಾಯಬೇಕಿಲ್ಲ, ಅವರನ್ನು ಕೇಳಲೂ ಬೇಕಿಲ್ಲ.